ಚಕ್ಕರ್ ಅಂದರೆ ಯಾವ ಚಕ್ಕರ್? ನಿಂತ ಮೈ ಬೀಳದಂತೆ ಕಾಯುವ ವ್ಯವಸ್ಥೆಯ ಒಳಗುಟ್ಟು

ಏಪ್ರಿಲ್ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿಯ ದವಾಖಾನೆಗಳಲ್ಲಿ ಒಂದೇ ಮಾತು ಹತ್ತು ಬಾಯಲ್ಲಿ ಕೇಳಿಬರುತ್ತದೆ: “ಚಕ್ಕರ್ ಬರಲತ್ತದ್ರೀ.” ಹಾಸಿಗೆಯಲ್ಲಿ ಮಗ್ಗಲು ಬದಲಿಸಿದ ಕೂಡಲೇ ಇಡೀ ಮನೆ ಗರಗರ ತಿರುಗಿದವರೂ ಇದನ್ನೇ ಹೇಳುತ್ತಾರೆ. ಬಿಸಿಲಲ್ಲಿ ಕುಳಿತಿದ್ದು ಎದ್ದಾಗ ಕಣ್ಣಿಗೆ ಕತ್ತಲೆ ಕವಿದವರೂ ಇದನ್ನೇ ಹೇಳುತ್ತಾರೆ. ತಲೆಗೆ ಏನೂ ಆಗದೆ, ಕಾಲು ಮಾತ್ರ ಹತ್ತಿಯ ಮೇಲೆ ಇಟ್ಟಂತಾಗಿ ಓಲಾಡುವ ಶುಗರ್ ಕಾಯಿಲೆಯವರೂ ಇದನ್ನೇ ಹೇಳುತ್ತಾರೆ. ಮೂವರಲ್ಲೂ ಕೆಟ್ಟಿರುವುದು ಬೇರೆ ಬೇರೆ, ಉಪಾಯವೂ ಬೇರೆ ಬೇರೆ. ಆದರೆ ಔಷಧಿ ಅಂಗಡಿಯಿಂದ ತಂದು ನುಂಗುವ ಗುಳಿಗೆ ಬಹಳ ಸಲ ಒಂದೇ.

ಇವನ್ನು ಬಿಡಿಸಿ ನೋಡಬೇಕಾದರೆ ಮೊದಲು ತಿಳಿಯಬೇಕಾದದ್ದು, ಚಕ್ಕರ್ ಇಲ್ಲದ ದಿನ ನಾವು ನೆಟ್ಟಗೆ ನಿಲ್ಲುವುದು ಹೇಗೆ ಎಂಬುದನ್ನು.

ಸುಮ್ಮನೆ ನಿಲ್ಲುವುದು ಸುಮ್ಮನಲ್ಲ

ಹುಡುಗರು ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ನೋಡಿರುತ್ತೀರಿ. ಕೋಲು ನಿಂತಿದೆ ಎಂದು ನಮಗೆ ಕಾಣುತ್ತದೆ, ಆದರೆ ಕೆಳಗಿನ ಕೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ನಿಂತ ಮನುಷ್ಯನದೂ ಅದೇ ಪಾಡು. ಮೈಯ ಭಾರದ ನಡುಬಿಂದು ಹೊಕ್ಕುಳಿನ ಸ್ವಲ್ಪ ಕೆಳಗೆ, ನೆಲದಿಂದ ನಮ್ಮ ಎತ್ತರದ ಸುಮಾರು 55 ಪ್ರತಿಶತದಷ್ಟು ಮೇಲೆ ಇರುತ್ತದೆ. ಅಷ್ಟು ಎತ್ತರದ ಭಾರಕ್ಕೆ ಬುನಾದಿ ಎಂದರೆ ಎರಡು ಅಂಗಾಲು, ಅವುಗಳ ನಡುವಿನ ಜಾಗ, ಅಷ್ಟೇ.

ಈ ಬಿಂದುವಿನಿಂದ ತೂಗುಗುಂಡು ಇಳಿಬಿಟ್ಟರೆ ಅದು ಪಾದದ ಕೀಲಿನ ಮೇಲೆ ಬೀಳದೆ, ನಾಲ್ಕೈದು ಸೆಂಟಿಮೀಟರ್ ಮುಂದೆ ಬೀಳುತ್ತದೆ. ಅಂದರೆ ಮೈ ಸದಾ ಮುಂದಕ್ಕೆ ಬಾಗಲು ನೋಡುತ್ತಿರುತ್ತದೆ, ಮೀನಖಂಡದ ಸ್ನಾಯು ಅದನ್ನು ಹಿಂದಿನಿಂದ ಜಗ್ಗಿ ಹಿಡಿದಿರುತ್ತದೆ. ಈಗಲೇ ಎದ್ದು ನಿಂತು, ಮೀನಖಂಡದ ಮೇಲೆ ಯಾರಾದರೂ ಕೈ ಇಟ್ಟಿರಲಿ. ನೀವು ಒಂದು ಇಂಚು ಮುಂದಕ್ಕೆ ವಾಲಿ. ಅದು ಬಿಗಿಯಾಗುವುದು ಅವರ ಅಂಗೈಗೆ ತಿಳಿಯುತ್ತದೆ.

ಓಲಾಟ ಸಣ್ಣದಿದ್ದಾಗ ಪಾದದ ಕೀಲೊಂದೇ ಅದನ್ನು ಸರಿಪಡಿಸುತ್ತದೆ. ಜೇವರ್ಗಿ ಬಸ್ಸಿನಲ್ಲಿ ನಿಂತಿರುವಾಗ ಡ್ರೈವರ್ ಬ್ರೇಕ್ ಹಾಕಿದರೆ ಅಷ್ಟು ಸಾಲುವುದಿಲ್ಲ, ಸೊಂಟವೂ ಬಾಗುತ್ತದೆ. ಬ್ರೇಕ್ ಇನ್ನೂ ಜೋರಾದರೆ ಉಳಿದದ್ದು ಒಂದೇ ದಾರಿ: ಹೆಜ್ಜೆ ಮುಂದಿಟ್ಟು ಬುನಾದಿಯನ್ನೇ ದೊಡ್ಡದು ಮಾಡಿಕೊಳ್ಳುವುದು. ವಯಸ್ಸಾದವರು ಜೋಲಿ ಹೊಡೆದಾಗ ಸಾಮಾನ್ಯವಾಗಿ ಸೋಲುವುದು ಈ ಮೂರನೆಯದರಲ್ಲಿ. ಹೆಜ್ಜೆ ತಡವಾಗುತ್ತದೆ, ಇಲ್ಲವೇ ಗಿಡ್ಡವಾಗುತ್ತದೆ.

ತಡ ಎಂದರೆ ಎಷ್ಟು ತಡ? ಮೀನಖಂಡ ಥಟ್ಟನೆ ಹಿಗ್ಗಿದರೆ ಬೆನ್ನುಹುರಿಯಿಂದ ಮೊದಲ ಉತ್ತರ ಬರಲು ಸುಮಾರು 40 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ 25ನೇ ಒಂದು ಪಾಲು. ಮಿದುಳಿನ ಕೆಳಭಾಗ ಕೈಹಾಕಿ ಮಾಡುವ ನಿಜವಾದ ತಿದ್ದುಪಡಿಗೆ ಸುಮಾರು 100. ‘ಅಯ್ಯೋ ಬಿದ್ದೆ’ ಎಂದು ನಮಗೆ ಅರಿವಾಗಿ ನಾವಾಗಿಯೇ ಏನಾದರೂ ಮಾಡುವುದು ಅದರ ನಂತರ. ಆದ್ದರಿಂದ ‘ನೋಡಿಕೊಂಡು ನಡಿ’ ಎಂಬ ಬುದ್ಧಿಮಾತು ಎಡವುವ ಮುಂಚೆ ಉಪಯೋಗಕ್ಕೆ ಬಂದೀತು, ಎಡವಿದ ಮೇಲೆ ಅಲ್ಲ.

ಇನ್ನೂ ಸೋಜಿಗದ್ದು, ಕೆಲವು ತಿದ್ದುಪಡಿಗಳು ತಪ್ಪು ಆಗುವ ಮೊದಲೇ ಹೊರಡುತ್ತವೆ. ತುಂಬಿದ ಕೊಡ ಎತ್ತಲು ಕೈ ಚಾಚುವ ಮುನ್ನವೇ ಕಾಲು, ಬೆನ್ನಿನ ಸ್ನಾಯುಗಳು ಬಿಗಿದಿರುತ್ತವೆ. ಭಾರ ಇಷ್ಟಿರುತ್ತದೆ ಎಂದು ಮಿದುಳು ಅಂದಾಜು ಕಟ್ಟಿರುತ್ತದೆ. ತುಂಬಿದೆ ಅಂದುಕೊಂಡು ಎತ್ತಿದ ಕೊಡ ಖಾಲಿ ಇದ್ದರೆ ಹಿಂದಕ್ಕೆ ವಾಲುತ್ತೀರಲ್ಲ, ಅದು ಈ ಅಂದಾಜು ತಪ್ಪಿದ್ದರ ಗುರುತು.

ಕಿವಿಯೊಳಗೂ ಸುಣ್ಣದ ಕಲ್ಲು

ಮೈ ಯಾವ ಕಡೆ ವಾಲುತ್ತಿದೆ ಎಂಬ ಸುದ್ದಿ ಮಿದುಳಿಗೆ ಮೂರು ಕಡೆಯಿಂದ ಬರುತ್ತದೆ: ಒಳಕಿವಿ, ಕಣ್ಣು, ಮತ್ತು ಅಂಗಾಲು-ಕೀಲು-ಸ್ನಾಯುಗಳು. ಮೂರೂ ಒಂದೇ ಮಾತು ಹೇಳುವ ತನಕ ನಮಗೆ ಇವುಗಳ ನೆನಪೇ ಇರುವುದಿಲ್ಲ.

ನಮ್ಮ ಭಾಗದ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಪುಡಿ ಮಾಡುವುದೂ ಸುಣ್ಣದ ಕಲ್ಲನ್ನೇ. ಅದರ ಮುಖ್ಯ ವಸ್ತು ಕ್ಯಾಲ್ಸಿಯಂ ಕಾರ್ಬೊನೇಟ್. ಅದೇ ವಸ್ತುವಿನ ಸಾವಿರಾರು ಹರಳುಗಳು ಪ್ರತಿಯೊಬ್ಬರ ಎರಡೂ ಕಿವಿಯೊಳಗೆ ಇವೆ. ಒಂದೊಂದೂ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು. ಒಳಕಿವಿಯಲ್ಲಿ ಎರಡು ಪುಟ್ಟ ಚೀಲಗಳಿದ್ದು, ಅವುಗಳೊಳಗೆ ಲೋಳೆಯಂಥ ಹಾಸಿನ ಮೇಲೆ ಈ ಹರಳುಗಳು ಕೂತಿರುತ್ತವೆ. ಹಾಸಿನ ಕೆಳಗೆ ಕೂದಲಿನಂಥ ಎಳೆಗಳಿರುವ ಜೀವಕೋಶಗಳು. ತಲೆ ವಾಲಿದರೆ ಹರಳಿನ ಭಾರಕ್ಕೆ ಹಾಸು ಜಾರುತ್ತದೆ, ಎಳೆ ಬಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಕಣ್ಣು ಮುಚ್ಚಿದ್ದರೂ ಬಸ್ಸು ಹೊರಟಿತೆಂದು, ಲಿಫ್ಟ್ ಮೇಲೇರಿತೆಂದು ತಿಳಿಯುವುದು ಹೀಗೆ.

ತಲೆ ತಿರುಗಿಸಿದ ಸುದ್ದಿ ಕೊಡುವುದು ಬೇರೆ ಭಾಗ. ಪ್ರತಿ ಕಿವಿಯಲ್ಲಿ ಮೂರು ಅರೆಬಳೆಯಾಕಾರದ ನಾಳಗಳಿವೆ. ಮನೆಯ ಮೂಲೆಯಲ್ಲಿ ಎರಡು ಗೋಡೆ ಮತ್ತು ನೆಲ ಕೂಡುತ್ತವಲ್ಲ, ಹೆಚ್ಚುಕಡಿಮೆ ಆ ಮೂರು ದಿಕ್ಕಿಗೆ ಒಂದೊಂದು. ಒಳಗೆಲ್ಲ ದ್ರವ. ಒಂದು ಬೋಗುಣಿಯಲ್ಲಿ ನೀರು ಹಾಕಿ, ಮೇಲೆ ಒಂದು ತುಳಸಿ ಎಲೆ ತೇಲಿಬಿಟ್ಟು, ಬೋಗುಣಿಯನ್ನು ಥಟ್ಟನೆ ತಿರುಗಿಸಿ ನೋಡಿ: ಪಾತ್ರೆ ತಿರುಗಿದರೂ ಎಲೆ ಇದ್ದಲ್ಲೇ ಇರುತ್ತದೆ, ನೀರು ಹಿಂದೆ ಉಳಿಯುತ್ತದೆ. ಕಿವಿಯ ನಾಳದಲ್ಲೂ ಹಾಗೇ ಹಿಂದುಳಿದ ದ್ರವ ಅಲ್ಲಿನ ಒಂದು ಮೆತ್ತನೆಯ ಪರದೆಯನ್ನು ತಳ್ಳುತ್ತದೆ. ಬೋಗುಣಿಯನ್ನು ಬಹಳ ಹೊತ್ತು ತಿರುಗಿಸಿ ನಿಲ್ಲಿಸಿದರೆ ಪಾತ್ರೆ ನಿಂತರೂ ನೀರು ಸುತ್ತುತ್ತಲೇ ಇರುತ್ತದೆ. ಮಕ್ಕಳು ಗರಗರ ತಿರುಗಿ ನಿಂತ ಮೇಲೆ ಬೀಳುವುದಕ್ಕೂ ಕಾರಣ ಇಂಥದೇ.

ಈ ನಾಳಗಳ ಸುದ್ದಿ ನೇರವಾಗಿ ಕಣ್ಣಿನ ಸ್ನಾಯುಗಳಿಗೂ ಹೋಗುತ್ತದೆ, ಸುಮಾರು 10 ಮಿಲಿಸೆಕೆಂಡಿನಲ್ಲಿ. ತಲೆ ಎಡಕ್ಕೆ ಹೋದಷ್ಟೂ ಕಣ್ಣು ಬಲಕ್ಕೆ. ಪರೀಕ್ಷೆ ಸುಲಭ: ಪೇಪರ್ ಹಿಡಿದು ಅದನ್ನು ಎಡಬಲ ಬೇಗ ಬೇಗ ಅಲ್ಲಾಡಿಸಿದರೆ ಅಕ್ಷರ ಕಲಸಿಹೋಗುತ್ತದೆ. ಪೇಪರ್ ಅಲ್ಲೇ ಇಟ್ಟು ಅಷ್ಟೇ ವೇಗದಲ್ಲಿ ತಲೆ ಅಲ್ಲಾಡಿಸಿದರೆ ಓದಬಹುದು.

ಕಿವಿಗೂ ಕಣ್ಣಿಗೂ ಇರುವ ಈ ನಂಟನ್ನು ಬಿಡಿಸಿದವರಲ್ಲಿ ಮುಖ್ಯರು ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ. ಕಿವಿಗೆ ನೀರು ಬಿಟ್ಟು ತೊಳೆಯುವಾಗ ನೀರು ತಣ್ಣಗಿದ್ದರೆ ರೋಗಿಯ ಕಣ್ಣುಗುಡ್ಡೆ ಒಂದು ಕಡೆ ಜಗ್ಗುವುದನ್ನೂ, ಬಿಸಿಯಿದ್ದರೆ ಇನ್ನೊಂದು ಕಡೆ ಜಗ್ಗುವುದನ್ನೂ ಗಮನಿಸಿದರು. 1914ರ ನೊಬೆಲ್ ಅವರಿಗೆ ಸಂದಿತು. ಇವತ್ತಿಗೂ ಆ ಪರೀಕ್ಷೆಗೆ 30 ಮತ್ತು 44 ಡಿಗ್ರಿಯ ನೀರು ಬಳಸುತ್ತಾರೆ. (44 ಎಂದರೆ ಕಲಬುರಗಿಯವರಿಗೆ ಮೇ ಮಧ್ಯಾಹ್ನ ನೆನಪಾದರೆ ಆಶ್ಚರ್ಯವಿಲ್ಲ.)

ಹರಳು ಜಾಗ ಬಿಟ್ಟಾಗ

ವಯಸ್ಸಾದಂತೆ, ಅಥವಾ ತಲೆಗೆ ಪೆಟ್ಟು ಬಿದ್ದಾಗ, ಒಂದಷ್ಟು ಹರಳು ಹಾಸಿನಿಂದ ಕಳಚಿ ಅರೆಬಳೆ ನಾಳದೊಳಗೆ ಬೀಳುತ್ತವೆ. ಹೆಚ್ಚಾಗಿ ಹಿಂದಿನ ನಾಳಕ್ಕೆ. ಆಗ ತಲೆಯನ್ನು ಒಂದು ನಿರ್ದಿಷ್ಟ ಭಂಗಿಗೆ ತಂದರೆ ಹರಳು ನಾಳದಲ್ಲಿ ಉರುಳಿ ದ್ರವವನ್ನು ಎಳೆಯುತ್ತದೆ. ತಲೆಯ ಚಲನೆ ನಿಂತಿದ್ದರೂ ಆ ಕಿವಿ ‘ತಿರುಗುತ್ತಿದೆ, ತಿರುಗುತ್ತಿದೆ’ ಎನ್ನುತ್ತದೆ. ಇನ್ನೊಂದು ಕಿವಿ ಮತ್ತು ಅಂಗಾಲು ಇಲ್ಲವೆನ್ನುತ್ತವೆ. ಜಗಳದ ಫಲವೇ ಗೋಡೆ ಸುತ್ತುವುದು, ವಾಂತಿ ಬಂದಂತಾಗುವುದು.

ಇದರ ಗುರುತು ಸ್ಪಷ್ಟ. ಮಲಗುವಾಗ, ಏಳುವಾಗ, ಮಗ್ಗಲು ಬದಲಿಸುವಾಗ, ಮೇಲಿನ ಅಟ್ಟದ ಡಬ್ಬಿಗೆ ಕತ್ತೆತ್ತಿದಾಗ, ಜಾತ್ರೆಯಲ್ಲಿ ತೇರಿನ ಕಳಸ ನೋಡಲು ಹೋದಾಗ ಬರುತ್ತದೆ. ಭಂಗಿ ಬದಲಿಸಿ ಕೆಲವು ಸೆಕೆಂಡ್ ಆದ ಮೇಲೆ ಶುರುವಾಗಿ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಕಿವುಡಾಗಲಿ, ಮಾತು ತೊದಲುವುದಾಗಲಿ ಜೊತೆಗಿರುವುದಿಲ್ಲ.

ಹರಳನ್ನು ಕರಗಿಸುವ ಗುಳಿಗೆ ಇಲ್ಲ. ಸೊಟ್ಟ ಪೈಪಿನೊಳಗೆ ಸಿಕ್ಕಿದ ಗೋಲಿಯನ್ನು ಪೈಪ್ ತಿರುವಿ ತಿರುವಿ ಹೊರಗೆ ಉರುಳಿಸುವ ಹಾಗೆ, ತಲೆಯನ್ನೇ ಹಂತಹಂತವಾಗಿ ತಿರುವಬೇಕು. ಇದಕ್ಕೆ ಎಪ್ಲಿ ವಿಧಾನ ಎನ್ನುತ್ತಾರೆ. ತೊಂದರೆ ಬಲಗಿವಿಯದಾದರೆ: ಮಂಚದ ಮೇಲೆ ಕಾಲು ಚಾಚಿ ಕೂತು ಮುಖವನ್ನು 45 ಡಿಗ್ರಿ ಬಲಕ್ಕೆ ತಿರುಗಿಸಬೇಕು. ಹಾಗೇ ಬೇಗನೆ ಹಿಂದಕ್ಕೆ ಮಲಗಬೇಕು, ಹೆಗಲಿನ ಕೆಳಗೆ ದಿಂಬು, ತಲೆ ಸ್ವಲ್ಪ ಕೆಳಗೆ ಜೋತಿರಬೇಕು. ಚಕ್ಕರ್ ಬರುತ್ತದೆ, ಬರಲಿ. ಅದು ನಿಂತ ಮೇಲೂ ಅರ್ಧ ನಿಮಿಷ ಕಾಯಬೇಕು. ಆಮೇಲೆ ತಲೆ ಎತ್ತದೆ ಮುಖವನ್ನು 90 ಡಿಗ್ರಿ ಎಡಕ್ಕೆ ತಿರುಗಿಸಿ ಮತ್ತೆ ಅರ್ಧದಿಂದ ಒಂದು ನಿಮಿಷ. ಮುಂದೆ ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ, ಮೂಗು ನೆಲ ನೋಡುವಂತೆ ಮಾಡಿ ಅಷ್ಟೇ ಹೊತ್ತು. ಕೊನೆಗೆ ಗದ್ದ ಎದೆಯ ಕಡೆ ಇಟ್ಟುಕೊಂಡು ನಿಧಾನ ಎದ್ದು ಕೂರಬೇಕು. ಎಡಗಿವಿಯದಾದರೆ ಎಲ್ಲ ಉಲ್ಟಾ. ಬಹಳ ಜನರಿಗೆ ಒಂದೆರಡು ಸಲ ಮಾಡಿದರೆ ಸಾಕಾಗುತ್ತದೆ.

ಯಾವ ಕಿವಿ, ಯಾವ ನಾಳ ಎಂಬುದನ್ನು ಕಣ್ಣುಗುಡ್ಡೆಯ ಜಗ್ಗಾಟ ನೋಡಿ ಹೇಳುವುದು ಕಿವಿ-ಮೂಗು-ಗಂಟಲು ವೈದ್ಯರ ಕೆಲಸ. ಆದ್ದರಿಂದ ಮೊದಲ ಸಲ ಅವರ ಕೈಯಲ್ಲೇ ಆಗಲಿ. ಕತ್ತಿನ ಎಲುಬಿನ ತೊಂದರೆ ಇದ್ದವರು, ಕತ್ತಿನ ರಕ್ತನಾಳ ಕಟ್ಟಿದವರು ತಾವಾಗಿಯೇ ಮಾಡಿಕೊಳ್ಳಲೇಬಾರದು. ಇನ್ನು ಅಂಗಡಿಯಿಂದ ತರುವ ಆ ಚಕ್ಕರ್ ಗುಳಿಗೆಗಳ ಮಾತು: ಚಕ್ಕರ್ ಜೋರಿದ್ದ ಎರಡು ಮೂರು ದಿನ ಅವು ನೆರವಾಗುತ್ತವೆ. ತಿಂಗಳಾನುಗಟ್ಟಲೆ ನುಂಗಿದರೆ ಮಿದುಳು ಹೊಸ ಲೆಕ್ಕಕ್ಕೆ ಒಗ್ಗಿಕೊಳ್ಳುವುದನ್ನೇ ತಡಮಾಡುತ್ತವೆ. ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್‌ನಂಥವು ವಯಸ್ಸಾದವರಲ್ಲಿ ಕೈ ನಡುಕ, ಕಾಲು ಎಳೆದು ನಡೆಯುವುದನ್ನು ತಂದಿಡಬಹುದು. ಬೀಳಬಾರದೆಂದು ನುಂಗಿದ ಗುಳಿಗೆಯೇ ಬೀಳಿಸುತ್ತದೆ.

ಅಂಗಾಲಿನ ಸುದ್ದಿ ನಿಂತಾಗ

ಕಣ್ಣು ಮುಚ್ಚಿ ತೋರುಬೆರಳಿನಿಂದ ಮೂಗು ಮುಟ್ಟಿ. ಕೈ ಎಲ್ಲಿದೆ ಎಂದು ನೋಡದೆಯೇ ಗೊತ್ತಾಯಿತಲ್ಲ? ಪ್ರತಿ ಸ್ನಾಯುವಿನೊಳಗೂ ಅದು ಎಷ್ಟು ಹಿಗ್ಗಿದೆ ಎಂದು ಅಳೆಯುವ ಸಣ್ಣ ಕದಿರಿನಾಕಾರದ ಅಂಗಗಳಿವೆ. ಸ್ನಾಯು ಎಲುಬಿಗೆ ಅಂಟುವ ಕಡೆ ಎಳೆತ ಅಳೆಯುವ ಬೇರೆ ಅಂಗಗಳು. ಅಂಗಾಲಿನ ಚರ್ಮದಲ್ಲಿ ಒತ್ತಡ ಅಳೆಯುವವು. ಇವುಗಳ ಸುದ್ದಿ ಒಯ್ಯುವ ನರಗಳು ಮೈಯಲ್ಲೇ ಅತಿ ವೇಗದವು, ಸೆಕೆಂಡಿಗೆ 80ರಿಂದ 120 ಮೀಟರ್. ಕಾಲ್ಬೆರಳು ಕಲ್ಲಿಗೆ ಬಡಿದಾಗ ಮೊದಲು ಬಡಿದದ್ದು ತಿಳಿದು, ಆ ಕೊರೆಯುವ ನೋವು ಒಂದು ಗಳಿಗೆ ತಡವಾಗಿ ಬರುವುದು ಇದಕ್ಕೇ: ನೋವಿನ ಸಣ್ಣ ನರಗಳ ವೇಗ ಸೆಕೆಂಡಿಗೆ ಒಂದೆರಡು ಮೀಟರ್ ಮಾತ್ರ.

ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಹತೋಟಿಯಲ್ಲಿಲ್ಲದಿದ್ದರೆ ನರಗಳು ತುದಿಯಿಂದ ಸಾಯುತ್ತಾ ಬರುತ್ತವೆ. ಎಲ್ಲಕ್ಕಿಂತ ಉದ್ದದ ನರ ಪಾದದ್ದು, ಹಾಗಾಗಿ ಪೆಟ್ಟು ಮೊದಲು ಅಲ್ಲಿಗೆ. ಜೋಮು, ಉರಿ, ಆಮೇಲೆ ಏನೂ ಇಲ್ಲ. ಬೇಸಿಗೆಯಲ್ಲಿ ಗುಡಿಯ ಅಂಗಳದ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಬಂದವರ ಅಂಗಾಲಿನ ಬೊಬ್ಬೆ ಮನೆಗೆ ಬಂದ ಮೇಲೆ ಮಗಳ ಕಣ್ಣಿಗೆ ಬೀಳುವುದುಂಟು. ಸುಟ್ಟದ್ದು ತಿಳಿಯದ ಪಾದಕ್ಕೆ ನೆಲ ಇಳಿಜಾರಾಗಿರುವುದೂ ತಿಳಿಯುವುದಿಲ್ಲ. ಇವರನ್ನು ಕಣ್ಣೇ ಕಾಪಾಡುತ್ತಿರುತ್ತದೆ. ಎಲ್ಲಿಯ ತನಕ? ಬಚ್ಚಲಲ್ಲಿ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚುವ ತನಕ. ಮುಚ್ಚಿದ ಕ್ಷಣ ಉಳಿದದ್ದು ಕಿವಿಯೊಂದೇ. ಕೆಳಗೆ ಒದ್ದೆ ಶಹಾಬಾದ್ ಕಲ್ಲು, ಅದರ ಮೇಲೆ ಸಾಬೂನಿನ ನೊರೆ.

ದವಾಖಾನೆಯಲ್ಲಿ ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವುದು ಇದನ್ನೇ ನೋಡಲು. ಕಣ್ಣು ತೆರೆದಾಗ ನಿಂತವರು ಮುಚ್ಚಿದ ಕೂಡಲೇ ವಾಲಿದರೆ ಪಾದ-ಕೀಲಿನ ಸುದ್ದಿಯಲ್ಲೋ ಒಳಕಿವಿಯಲ್ಲೋ ದೋಷ. ಅಂಗಾಲಿಗೆ ಒಂದು ನೈಲಾನ್ ಎಳೆ ಒತ್ತಿ ‘ಗೊತ್ತಾಗಲತ್ತದೇನ್ರೀ?’ ಎಂದು ಕೇಳುತ್ತಾರೆ. ಅದು ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುವಂತೆ ಮಾಡಿದ ಎಳೆ. ಸಕ್ಕರೆ ಕಾಯಿಲೆಯಂತೆ ವಿಟಮಿನ್ ಬಿ12 ಕೊರತೆಯೂ ನರಗಳನ್ನು ಕೆಡಿಸುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಇಳಿಯುವ ಸಾಧ್ಯತೆ ಇರುವುದರಿಂದ ಅದನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇಲ್ಲೊಂದು ಉಪಕಾರಿ ಸಂಗತಿ ಇದೆ. ಗೋಡೆಗೆ ಒಂದು ಬೆರಳನ್ನು ಭಾರ ಬಿಡದೆ, ಬರೀ ಸೋಕಿಸಿ ನಿಂತರೂ ಓಲಾಟ ಕಮ್ಮಿಯಾಗುತ್ತದೆ. ಬೆರಳು ಆಸರೆ ಕೊಡುವುದಿಲ್ಲ, ಸುದ್ದಿ ಕೊಡುತ್ತದೆ. ಅಜ್ಜನ ಕೈಯಲ್ಲಿನ ಕೋಲು ಮಾಡುವುದೂ ಅರ್ಧ ಇದನ್ನೇ. ಕೋಲಿನ ಹಿಡಿ, ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು. ಒಂದು ಕಾಲು ಸೋತಿದ್ದರೆ ಕೋಲು ಅದರ ಎದುರಿನ ಕೈಯಲ್ಲಿರಬೇಕು. ಬಹುತೇಕರು ಸೋತ ಕಾಲಿನ ಕಡೆಗೇ ಹಿಡಿಯುತ್ತಾರೆ.

ಕಣ್ಣಿನ ಪಾಲು

ಕಣ್ಣು ಹತ್ತಿರದ ಗೋಡೆ, ಕಂಬ ಅಲುಗಿದ್ದನ್ನು ನೋಡಿ ನಾವು ಓಲಾಡಿದ್ದನ್ನು ಅಳೆಯುತ್ತದೆ. ಬೀದರ್ ಕೋಟೆಯ ಗೋಡೆಯ ಮೇಲೋ ಯಾದಗಿರಿಯ ಬೆಟ್ಟದ ಮೇಲೋ ಅಂಚಿಗೆ ಹೋದಾಗ ಹತ್ತಿರ ಏನೂ ಇರುವುದಿಲ್ಲ. ದೂರದ ಹೊಲ ನಾವು ಓಲಿದರೂ ಅಲುಗಿದಂತೆ ಕಾಣದು. ಎತ್ತರದಲ್ಲಿ ಕಾಲು ನಡುಗುವುದಕ್ಕೆ ಅಂಜಿಕೆಯ ಜೊತೆಗೆ ಇದೂ ಕಾರಣ. ಬಸ್ಸಿನಲ್ಲಿ ಮೊಬೈಲ್ ನೋಡಿದರೆ ಹೊಟ್ಟೆ ತೊಳಸುವುದು ಇದರ ಇನ್ನೊಂದು ಮುಖ: ಕಿವಿ ‘ಓಡುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ‘ಇಲ್ಲ’ ಎನ್ನುತ್ತದೆ. ಎರಡು ಭಾಗದ ಕನ್ನಡಕ ಹಾಕಿದವರಿಗೆ ಕೆಳಗಿನ ಓದುವ ಗಾಜಿನಲ್ಲಿ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಇಳಿಯುವಾಗ ಗದ್ದ ಬಗ್ಗಿಸಿ ಮೇಲಿನ ಗಾಜಿನಿಂದ ನೋಡಬೇಕು.

ಲೆಕ್ಕ ನೋಡುವ ಜಾಗ

ಮೂರೂ ಸುದ್ದಿ ಕೂಡುವುದು ಮಿದುಳಿನ ಬುಡದಲ್ಲಿ ಮತ್ತು ಅದರ ಹಿಂದೆ ತಲೆಯ ಹಿಂಭಾಗದಲ್ಲಿರುವ ಕಿರುಮಿದುಳಿನಲ್ಲಿ. ತೂಕದಲ್ಲಿ ಇದು ಮಿದುಳಿನ ಹತ್ತರಲ್ಲಿ ಒಂದು ಪಾಲು. ಆದರೆ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಐದರಲ್ಲಿ ನಾಲ್ಕು ಪಾಲು ಇಲ್ಲೇ ಇವೆ. ಇದು ಹುಕುಂ ಹೊರಡಿಸುವುದಿಲ್ಲ. ಹೊರಟ ಹುಕುಮಿಗೂ ಆದ ಕೆಲಸಕ್ಕೂ ತಾಳೆ ನೋಡಿ ತಿದ್ದುತ್ತದೆ. ಕುಡಿದವರ ಕಾಲು ಅಗಲಗಲವಾಗಿ ಬೀಳುವುದು, ಬೀಗದ ಕೈ ತೂತಿನ ಆಚೆಈಚೆ ಹೋಗುವುದು ಈ ತಾಳೆಗಾರ ಮಂಕಾದದ್ದರಿಂದ.

ಹುಕುಂ ಹೊರಡುವುದು ಮಿದುಳಿನ ಮೇಲ್ಪದರದಿಂದ. ಆ ನರಗಳಲ್ಲಿ ಬಹುಪಾಲು ಕೆಳಗೆ ಬರುವಾಗ ಎಡದವು ಬಲಕ್ಕೆ, ಬಲದವು ಎಡಕ್ಕೆ ದಾಟುತ್ತವೆ. ಆದ್ದರಿಂದ ಮಿದುಳಿನ ಬಲಭಾಗದಲ್ಲಿ ರಕ್ತ ಕಟ್ಟಿದರೆ ಲಕ್ವಾ ಹೊಡೆಯುವುದು ಎಡಗೈ, ಎಡಗಾಲಿಗೆ.

ಇವೆರಡರ ಆಚೆ ಮಿದುಳಿನ ಆಳದಲ್ಲಿ ನರಕೋಶಗಳ ಇನ್ನೊಂದು ಗುಂಪಿದೆ. ನಡಿಗೆಯಂಥ ರೂಢಿಯ ಚಲನೆ ತಾನಾಗಿಯೇ ಶುರುವಾಗಿ ಸಾಗುವಂತೆ ನೋಡಿಕೊಳ್ಳುವುದು ಅದು. ಅದಕ್ಕೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದರೆ ಪಾರ್ಕಿನ್ಸನ್ ಕಾಯಿಲೆ. ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ್ದು. ಈ ಕಾಯಿಲೆಯವರ ಕಾಲು ಹೊಸ್ತಿಲ ಬಳಿ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಆಗ ಹಿಂದಿನಿಂದ ತಳ್ಳಬಾರದು, ಕೈ ಹಿಡಿದು ಜಗ್ಗಲೂಬಾರದು. ನೆಲದ ಮೇಲೆ ಅಡ್ಡಗೆರೆ ಇದ್ದರೆ ಅದನ್ನು ದಾಟಲು ಹೇಳಿದರೆ ಕಾಲು ಏಳುತ್ತದೆ. ಕಣ್ಣಿನ ದಾರಿಯಿಂದ ಬಂದ ಹುಕುಂ ಕೆಟ್ಟ ಭಾಗವನ್ನು ಬಳಸಿ ಹೋಗುತ್ತದೆ. ಶಹಾಬಾದ್ ಕಲ್ಲಿನ ಎರಡು ಹಾಸಿನ ನಡುವಿನ ಸಂದುಗೆರೆ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. “ಈ ಗೆರಿ ದಾಟ್ರಿ, ಈಗ ಮುಂದಿಂದು” ಎನ್ನುತ್ತಾ ಹೋದರೆ ಸಾಕು.

ಕಣ್ಣಿಗೆ ಕತ್ತಲೆ ಬರುವುದು ಬೇರೆ

ಕುಳಿತಲ್ಲಿಂದ ಎದ್ದಾಗ ಅರ್ಧದಿಂದ ಮುಕ್ಕಾಲು ಲೀಟರ್ ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಕತ್ತಿನ ದೊಡ್ಡ ರಕ್ತನಾಳದಲ್ಲಿರುವ ಒತ್ತಡದ ಕಾವಲುಗಾರರು ಕೂಡಲೇ ಎದೆಬಡಿತ ಏರಿಸಿ, ರಕ್ತನಾಳ ಬಿಗಿದು ಸರಿಮಾಡುತ್ತಾರೆ. ಬೇಸಿಗೆಯಲ್ಲಿ ಬೆವರಿಗೆ ನೀರು-ಉಪ್ಪು ಹೋಗಿದ್ದರೆ, ಜೊತೆಗೆ ಬಿಪಿ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ಪ್ರಾಸ್ಟೇಟ್ ಗುಳಿಗೆ ನಡೆದಿದ್ದರೆ ಈ ಕೆಲಸ ಹಿಂದೆ ಬೀಳುತ್ತದೆ. ಎದ್ದ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ದೋಷವೆಂದೇ ಲೆಕ್ಕ. ಇಲ್ಲಿ ಗೋಡೆ ಸುತ್ತುವುದಿಲ್ಲ. ಕಣ್ಣು ಮಬ್ಬಾಗುತ್ತದೆ, ತಲೆ ಖಾಲಿಯಾದಂತಾಗುತ್ತದೆ, ಮಲಗಿದರೆ ಹೋಗುತ್ತದೆ. ಮನೆಯಲ್ಲಿ ಬಿಪಿ ಯಂತ್ರ ಇದ್ದರೆ ಮಲಗಿ ಒಮ್ಮೆ, ನಿಂತು ಒಂದನೇ ಮತ್ತು ಮೂರನೇ ನಿಮಿಷಕ್ಕೆ ಒಮ್ಮೊಮ್ಮೆ ನೋಡಿ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ತಾವಾಗಿಯೇ ಗುಳಿಗೆ ಬಿಡಬೇಡಿ. ನಸುಕಿನಲ್ಲಿ ಏಳುವಾಗ ಮಂಚದ ಅಂಚಿಗೆ ಒಂದೆರಡು ನಿಮಿಷ ಕೂತು, ಹಿಮ್ಮಡಿ ಎತ್ತಿ ಇಳಿಸಿ ಹತ್ತಿಪ್ಪತ್ತು ಸಲ ಮಾಡಿದರೆ ಮೀನಖಂಡ ಪಂಪಿನಂತೆ ರಕ್ತ ಮೇಲಕ್ಕೆ ದೂಡುತ್ತದೆ.

ಡಾಕ್ಟರ ಮುಂದೆ ‘ಚಕ್ಕರ್’ ಬದಲು

ಸುತ್ತಲಿನದು ತಿರುಗಿತೇ, ಕಣ್ಣಿಗೆ ಕತ್ತಲೆ ಬಂತೇ, ಬರೀ ಕಾಲು ತಪ್ಪಿತೇ? ಏನು ಮಾಡುವಾಗ? ಸೆಕೆಂಡೋ, ನಿಮಿಷವೋ, ದಿನವಿಡೀಯೋ? ಇಷ್ಟು ಹೇಳಿದರೆ ಅರ್ಧ ದಾರಿ ಸಾಗಿದಂತೆ. ತಿರುಗಾಟ ತಾಸುಗಟ್ಟಲೆ ಇದ್ದು ಕಿವಿಯಲ್ಲಿ ಗುಂಯ್ ಎನ್ನುವುದು, ಕಿವಿ ಮಂದವಾಗುವುದು ಇದ್ದರೆ ಅದನ್ನೂ ಹೇಳಬೇಕು. ನುಂಗುವ ಎಲ್ಲ ಗುಳಿಗೆಗಳ ಚೀಟಿ ಜೊತೆಗಿರಲಿ.

ಒಂದು ಬಗೆಗೆ ಮಾತ್ರ ಚೀಟಿ ಮಾಡಿಸಿ ಸಾಲಿನಲ್ಲಿ ಕಾಯುವಂತಿಲ್ಲ. ಚಕ್ಕರ್ ಒಮ್ಮೆಲೇ ಶುರುವಾಗಿ ಜೊತೆಗೆ ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ಬಾಯಿ ಸೊಟ್ಟ ಆಗುವುದು, ಕೈಕಾಲು ಬಿದ್ದುಹೋಗುವುದು, ಹಿಡಿದುಕೊಂಡರೂ ನಿಲ್ಲಲಾಗದಿರುವುದು ಇದ್ದರೆ ಅದು ಕಿರುಮಿದುಳಿನ ಅಥವಾ ಮಿದುಳಿನ ಬುಡದ ಲಕ್ವಾ ಇರಬಹುದು. 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಕೊಡುವುದು ಮೊದಲ ನಾಲ್ಕೂವರೆ ತಾಸಿನೊಳಗೆ. ಅಫಜಲಪುರದಿಂದಲೋ ಔರಾದ್‌ನಿಂದಲೋ ಹೊರಡುವವರಿಗೆ ದಾರಿಯ ಸಮಯವೂ ಅದರಲ್ಲೇ ಬಂತು.

ಮನೆಯಲ್ಲೇ ಅಳತೆ, ಮನೆಯಲ್ಲೇ ಸಾಧನೆ

ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕೆಂದು ಮೊಬೈಲಿನಲ್ಲಿ ನೋಡಿ. ಹಿರಿಯರಿಗೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ಅರ್ಥ. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 15 ಸೆಕೆಂಡ್ ದಾಟಿದರೆ ತೊಡೆಯ ಶಕ್ತಿ ಕುಂದಿದೆ.

ಎರಡನೆಯ ಅಳತೆಯೇ ಸಾಧನೆಯೂ ಹೌದು. ದಿನಕ್ಕೆ ಎರಡು ಸಲ, ಹತ್ತು ಹತ್ತು ಬಾರಿ, ಗೋಡೆಗೆ ಒತ್ತಿ ಇಟ್ಟ ಕುರ್ಚಿಯಿಂದ ಎದ್ದು ಕೂರುವುದು. ಆಮೇಲೆ ಅಡುಗೆಮನೆಯ ಕಟ್ಟೆಯ ಪಕ್ಕ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ 30 ಸೆಕೆಂಡ್ ನಿಲ್ಲುವುದು, ಯಾರಾದರೂ ಹತ್ತಿರ ಇದ್ದಾಗ ಮಾತ್ರ. ಮೊದಲ ವಾರ ಇಡೀ ಅಂಗೈ ಕಟ್ಟೆಯ ಮೇಲಿರಲಿ. ಓಲಾಟ ಕಡಿಮೆಯಾದಂತೆ ನಾಲ್ಕು ಬೆರಳು, ಆಮೇಲೆ ಎರಡು, ಕೊನೆಗೆ ಒಂದು, ಅದೂ ಬರೀ ಸೋಕುವಷ್ಟು.